21 ಇಂಚಿನ ಗೂಡು

ಕಳೆದ ವರ್ಷ ದಸರಾ ಮುಗಿದ ಮೇಲೆ ಒಂದು ಭಾನುವಾರ ಅಪ್ಪನ ಜೊತೆ ಜಯನಗರ ಏಳನೇ ಬ್ಲಾಕಿನ ಒಂದು ಮನೆಗೆ ಹೋಗಿದ್ದೆ. ಅಪ್ಪ ಬಡಗಿ. ಆ ಮನೆಯ ಹಾಲಿನಲ್ಲಿದ್ದ ಶೋಕೇಸನ್ನು 1998ರಲ್ಲಿ ಮಾಡಿದ್ದು ಅವನೇ. "ಆಚಾರ್ರೇ, ಒಳ್ಳೇ ತೇಗ. ಗುಜರಿಯವರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ. ನೀವೇ ಬಿಚ್ಚಿಕೊಂಡು ಹೋಗಿ" ಎಂದು ಮನೆಯ ಯಜಮಾನಿ ಫೋನ್ ಮಾಡಿದ್ದರು. ಆಕೆಗೆ ಎಪ್ಪತ್ತೈದು ದಾಟಿದೆ. ಮಗ, ಸೊಸೆ ಸೇರಿ ಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದರು. ಭಾರ ಹಿಡಿಯಲು ಇನ್ನೊಂದು ಕೈ ಬೇಕೆಂದು ಅಪ್ಪ ನನ್ನನ್ನು ಕರೆದ. ಸಂಶೋಧನೆಗೆ ಇನ್ನೊಂದು ಹಳೇ ಮನೆ ನೋಡಿದಂತಾಗುತ್ತದೆ ಎಂದು ನಾನೂ ಹೊರಟೆ.

ಶೋಕೇಸು ಗೋಡೆಯ ಉದ್ದಕ್ಕೂ ಇತ್ತು. ಎಡಕ್ಕೆ ಗಾಜಿನ ಬಾಗಿಲು, ಒಳಗೆ ಚನ್ನಪಟ್ಟಣದ ಬೊಂಬೆಗಳು, ಶಾಲೆಯಲ್ಲಿ ಗೆದ್ದ ಕಪ್ಪುಗಳು. ಬಲಕ್ಕೆ ಪುಸ್ತಕದ ಅಂಕಣ. ನಟ್ಟನಡುವೆ ಒಂದು ದೊಡ್ಡ ಗೂಡು, 21 ಇಂಚಿನ ಟಿವಿಗೆಂದು ಮಾಡಿದ್ದು. ಆಗಿನ ಟಿವಿಗಳ ಬೆನ್ನು ಉಬ್ಬಿರುತ್ತಿತ್ತು, ಹಾಗಾಗಿ ಗೂಡಿನ ಆಳ ಹೆಚ್ಚುಕಡಿಮೆ ಎರಡಡಿ. ಹಿಂದಿನ ಹಲಗೆಯಲ್ಲಿ ವೈರು ಹೋಗಲು, ಬಿಸಿ ಹೊರಡಲು ಸಾಲಾಗಿ ತೂತುಗಳು. ಆ ಟಿವಿ ಹೋಗಿ ವರ್ಷಗಳಾಗಿವೆ. ಈಗಿನ ಟಿವಿ ಎದುರಿನ ಗೋಡೆಯಲ್ಲಿ ಕ್ಯಾಲೆಂಡರಿನ ಹಾಗೆ ನೇತಾಡುತ್ತಿತ್ತು. ಗೂಡಿನಲ್ಲಿ ಹಳೇ ಪಂಚಾಂಗಗಳು, ಮಾತ್ರೆಯ ಡಬ್ಬಿ, ಬಿಪಿ ನೋಡುವ ಯಂತ್ರ.

ಅಪ್ಪ ಗಾಜುಗಳನ್ನು ಬಿಚ್ಚುವಾಗ ಆ ಮನೆಯ ಮೊಮ್ಮಗಳು ಮೊಬೈಲ್ ಹಿಡಿದು ಬಂದಳು. ಕಾಲೇಜಿಗೆ ಹೋಗುವ ಹುಡುಗಿ. ಮನೆ ಬದಲಾಗುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ವಿಡಿಯೋ ಮಾಡುತ್ತಿದ್ದಾಳಂತೆ. "ಅಂಕಲ್, ಒಂದ್ನಿಮಿಷ ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಲ್ಲಿ ಬರ್ತಿದ್ದೀರ" ಅಂದಳು. ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ಪಕ್ಕಕ್ಕೆ ಸರಿದ. ಅವಳ ದನಿಯಲ್ಲಿ ಅಗೌರವವೇನೂ ಇರಲಿಲ್ಲ. ಆಮೇಲೆ ಥ್ಯಾಂಕ್ಯೂ ಹೇಳಿದಳು, ಕಾಫಿಯನ್ನೂ ಅವಳೇ ತಂದುಕೊಟ್ಟಳು. ಆದರೆ ತಾನು ಮಾಡಿದ ಶೋಕೇಸಿನ ಚಿತ್ರದಿಂದ ಅಪ್ಪ ಹೊರಗೆ ನಿಂತದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮನೆಯ ಚಿತ್ರದಲ್ಲಿ ಯಾರಿರಬೇಕು, ಯಾರಿರಬಾರದು ಎಂದು ಆ ಹುಡುಗಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳಿಲ್ಲ. ಆದರೂ ಅವಳಿಗೆ ಅದು ಗೊತ್ತಿತ್ತು. ಎಲ್ಲಿಂದ ಗೊತ್ತಾಯಿತು?

ದಕ್ಷಿಣ ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಚರಿತ್ರೆ ನನ್ನ ಪಿಎಚ್‌ಡಿಯ ವಿಷಯ. ಆ ಭಾನುವಾರದ ನಂತರ ಟಿವಿಯಲ್ಲಿ ಬಂದ ಮನೆ ರಿಪೇರಿ, ಮನೆ ಅಲಂಕಾರದ ಕಾರ್ಯಕ್ರಮಗಳನ್ನು ಹುಡುಕಿ ನೋಡತೊಡಗಿದೆ. ಆ ನೋಟದಿಂದ ಹುಟ್ಟಿದ ಬರಹ ಇದು.

*

ಮನೆಯ ಬಗ್ಗೆ ಟಿವಿ ಏನು ಹೇಳಿತು ಎನ್ನುವ ಮೊದಲು, ಟಿವಿ ಎಂಬ ವಸ್ತುವೇ ಮನೆಯನ್ನು ಬದಲಾಯಿಸಿದ್ದನ್ನು ನೆನೆಯಬೇಕು. ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ನಗರ ಸುಧಾರಣಾ ಟ್ರಸ್ಟ್ ಬೋರ್ಡಿನ ಕಾಲ. 1976ರಲ್ಲಿ ಬಿಡಿಎ ಬಂತು. ಬನಶಂಕರಿ, ಜೆ.ಪಿ. ನಗರ, ಬೈರಸಂದ್ರ–ತಾವರೆಕೆರೆ–ಮಡಿವಾಳ ಸೇರಿದ ಬಿಟಿಎಂ ಬಡಾವಣೆಗಳು ಒಂದೊಂದಾಗಿ ಬೆಳೆದವು. ಇಲ್ಲಿನ ಮನೆಗಳು ಒಂದೇ ಸಲಕ್ಕೆ ಮುಗಿದವಲ್ಲ. 30×40 ಸೈಟಿನಲ್ಲಿ ಸಾಲ ಮಾಡಿ ಕೆಳಗಿನ ಮನೆ, ಮಗಳ ಮದುವೆಯ ಹೊತ್ತಿಗೆ ಮೇಲೊಂದು ರೂಮು, ನಿವೃತ್ತಿಯ ಹಣ ಬಂದಾಗ ಬಾಡಿಗೆಗೆ ಒಂದು ಮಹಡಿ. ರೆಡ್ ಆಕ್ಸೈಡ್ ನೆಲ ಹೋಗಿ ಮೊಸಾಯಿಕ್, ಮೊಸಾಯಿಕ್ ಹೋಗಿ ಗ್ರಾನೈಟ್, ಅದೂ ಹೋಗಿ ವಿಟ್ರಿಫೈಡ್ ಟೈಲ್ಸ್.

1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ದೂರದರ್ಶನ ಬಂತು. 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಶುರುವಾಯಿತು. ಅಪ್ಪ ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು. "ರಾಮಾಯಣ ನಮಗೆ ಅನ್ನ ಹಾಕ್ತು" ಎಂದು ಅವನು ಈಗಲೂ ಹೇಳುತ್ತಾನೆ. ಟಿವಿ ಕೊಂಡವರಿಗೆಲ್ಲ ಅದನ್ನು ಇಡಲು ಒಂದು ಸ್ಟ್ಯಾಂಡು ಬೇಕಿತ್ತು. ಆಮೇಲೆ ಸ್ಟ್ಯಾಂಡು ಸಾಲದೆ ಶೋಕೇಸು ಬೇಕಾಯಿತು. ಹಾಲಿನಲ್ಲಿ ಕುರ್ಚಿಗಳು ಬಾಗಿಲ ಕಡೆ ನೋಡುವುದನ್ನು ಬಿಟ್ಟು ಶೋಕೇಸಿನ ಕಡೆ ತಿರುಗಿದವು. ಉದಯ ಟಿವಿ ಶುರುವಾದ 1994ರ ನಂತರದ ಕೆಲವು ವರ್ಷ ಅಪ್ಪನ ಕೈ ತುಂಬ ಕೆಲಸ. ಬನಶಂಕರಿ, ಜೆ.ಪಿ. ನಗರಗಳಲ್ಲಿ ತಾನು ಮಾಡಿದ ಇಂಥ ಗೂಡುಗಳಿಗೆ ಲೆಕ್ಕವೇ ಇಲ್ಲ ಎನ್ನುತ್ತಾನೆ.

ಆಗ ವಿನ್ಯಾಸ ಬರುತ್ತಿದ್ದದ್ದು ಟಿವಿಯಿಂದಲ್ಲ, ಅಪ್ಪನ ಚೀಲದಿಂದ. ಫೆವಿಕಾಲ್ ಕಂಪನಿ ಪೀಠೋಪಕರಣಗಳ ಚಿತ್ರ ತುಂಬಿದ ಪುಸ್ತಕಗಳನ್ನು ತರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ 'ಫೆವಿಕಾಲ್ ಬುಕ್ಕು' ಎಂದೇ ಹೆಸರು. ಅಪ್ಪ ಅದನ್ನು ಗಿರಾಕಿಯ ಮನೆಯ ದಿವಾನದ ಮೇಲೆ ಬಿಚ್ಚಿಡುತ್ತಿದ್ದ. ಅವರು ಬೆರಳಿಟ್ಟು ತೋರಿಸಿದ್ದಕ್ಕೆ "ಇದು ಬೇಡ ಅಮ್ಮಾ, ಈ ಮೂಲೆಗೆ ಬಾಗಿಲು ತೆಗೆಯೋಕೆ ಬರಲ್ಲ" ಅನ್ನುತ್ತಿದ್ದ. ಒಂದು ಗಂಟೆ ವಾದವಾಗಿ, ಕಾಫಿಯಾಗಿ, ಪುಸ್ತಕದಲ್ಲೂ ಇಲ್ಲದ ಗಿರಾಕಿಯ ತಲೆಯಲ್ಲೂ ಇಲ್ಲದ ಮೂರನೆಯದೇನೋ ತಯಾರಾಗುತ್ತಿತ್ತು. ಆ ಮಾತುಕತೆಯಲ್ಲಿ ಮಾಡುವವನಿಗೂ ಒಂದು ಮತ ಇತ್ತು.

*

ಇನ್ನು ಕಾರ್ಯಕ್ರಮಗಳ ಕಥೆ. ಅದು ಶುರುವಾಗುವುದು ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಮನೆಗಳು ಸೊರಗಿದ್ದವು, ಕುಶಲಕರ್ಮಿಗಳ ಕೂಲಿ ಏರಿತ್ತು, ಸಾಮಾನ್ಯರೂ ಸಾಲ ಮಾಡಿ ಸ್ವಂತ ಮನೆ ಕೊಳ್ಳತೊಡಗಿದ್ದರು. ಬೇರೆಯವರನ್ನು ಕರೆಸಲು ಹಣವಿಲ್ಲದವನು ತಾನೇ ಸುತ್ತಿಗೆ ಹಿಡಿಯಬೇಕು. 1950ರ ದಶಕದಲ್ಲಿ ಬಿಬಿಸಿಯಲ್ಲಿ ಬ್ಯಾರಿ ಬಕ್‌ನೆಲ್ ಎಂಬಾತ ಅವರಿಗೆ ಆ ಕೆಲಸ ಕಲಿಸಲು ನಿಂತ. ಕಾರ್ಯಕ್ರಮ ನೇರ ಪ್ರಸಾರ. ಕೈ ತಪ್ಪಿದರೆ ತಪ್ಪಿದ್ದೂ ಕಾಣುತ್ತಿತ್ತು. 1962ರಲ್ಲಿ ಬಿಬಿಸಿ ಲಂಡನ್ನಿನ ಈಲಿಂಗ್‌ನಲ್ಲಿ ಹಾಳುಬಿದ್ದ ಮನೆಯೊಂದನ್ನು ಹಿಡಿದು, ಅವನಿಂದ ವಾರವಾರವೂ ರಿಪೇರಿ ಮಾಡಿಸಿ ತೋರಿಸಿತು.

ಬಕ್‌ನೆಲ್ ಹೇಳಿಕೊಟ್ಟದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಕೆತ್ತನೆಯ ಹಳೇ ಬಾಗಿಲುಗಳಿಗೆ ಹಾರ್ಡ್‌ಬೋರ್ಡ್ ಹೊಡೆದು ನುಣ್ಣಗೆ ಮಾಡಿ ಎಂದ. ಜನ ಹಾಗೆಯೇ ಮಾಡಿದರು. ಮುಂದಿನ ತಲೆಮಾರು ಅದೇ ಹಾರ್ಡ್‌ಬೋರ್ಡನ್ನು ಕಿತ್ತು ಒಳಗಿನ ಬಾಗಿಲು ಹುಡುಕಿತು. ಇದನ್ನು ಓದುವಾಗ ನನಗೆ ನಗು ಬಂತು. ಜಯನಗರದಲ್ಲಿ ಗಟ್ಟಿ ತೇಗದ ಬಾಗಿಲಿಗೆ ಸನ್‌ಮೈಕಾ ಅಂಟಿಸಿದ್ದನ್ನೂ, ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಸಿದ್ದನ್ನೂ ಅಪ್ಪನ ಜೊತೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಈಗ ಹೊಸ ಮನೆ ಕಟ್ಟಿಸುವವರು ಅದೇ ರೆಡ್ ಆಕ್ಸೈಡ್ ನೆಲ ಬೇಕೆಂದು, ಅದನ್ನು ಉಜ್ಜಿ ಹೊಳಪು ಬರಿಸುವ ಗಾರೆಯವರನ್ನು ಹುಡುಕುತ್ತಿದ್ದಾರೆ.

ಅಮೆರಿಕದಲ್ಲಿ 1979ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಟಿವಿ ಕೇಂದ್ರ 'ದಿಸ್ ಓಲ್ಡ್ ಹೌಸ್' ಆರಂಭಿಸಿತು. ಅದನ್ನು ರೂಪಿಸಿದ ರಸೆಲ್ ಮೊರಾಶ್ ಅದಕ್ಕೂ ಮೊದಲು, 1963ರಲ್ಲಿ, ಜೂಲಿಯಾ ಚೈಲ್ಡ್ ಅವರ ಪ್ರಸಿದ್ಧ ಅಡುಗೆ ಕಾರ್ಯಕ್ರಮವನ್ನು ಮಾಡಿದ್ದವನು. ಹಿಟ್ಟು ನಾದುವ ಕೈಯನ್ನು ಹತ್ತಿರದಿಂದ ತೋರಿಸಿದ ಹಾಗೆ ಮರ ಹೆರೆಯುವ ಕೈಯನ್ನೂ ತೋರಿಸಬಹುದು ಎಂಬುದು ಅವನಿಗೆ ಹೊಳೆದಿತ್ತು. ಮೊದಲ ವರ್ಷ ಪೂರ್ತಿ ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯ ಒಂದೇ ಹಳೇ ಮನೆಯ ಕೆಲಸ. ಪೈಪು ಹೇಗೆ ಸೋರುತ್ತದೆ, ಸೂರು ಯಾಕೆ ಕೊಳೆಯುತ್ತದೆ, ಎಲ್ಲವೂ ನಿಧಾನವಾಗಿ. ಬಾಬ್ ವಿಲಾ ಪ್ರಶ್ನೆ ಕೇಳುತ್ತಿದ್ದ. ಚೌಕಳಿ ಅಂಗಿ ತೊಟ್ಟ ನಾರ್ಮ್ ಏಬ್ರಮ್ ಎಂಬ ಬಡಗಿ ಕೆಲಸ ಮಾಡುತ್ತಲೇ ಉತ್ತರ ಕೊಡುತ್ತಿದ್ದ. ಏಬ್ರಮ್‌ನ ಅಪ್ಪನೂ ಬಡಗಿ.

ಹಳೇ ಕಂತೊಂದನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಇಪ್ಪತ್ತು ನಿಮಿಷ ಮಾತಿಲ್ಲದೆ ನೋಡಿದ. "ಇವನು ಕೆಲಸಗಾರ" ಅಂದ. ಹೇಗೆ ಗೊತ್ತಾಯಿತು ಎಂದೆ. "ಗರಗಸ ಇಡೋದಕ್ಕಿಂತ ಮುಂಚೆ ಎರಡು ಸಲ ಅಳತೆ ನೋಡ್ದ" ಅಂದ.

*

ಆ ನಿಧಾನ ಬಹಳ ಕಾಲ ಉಳಿಯಲಿಲ್ಲ. 1989ರಲ್ಲಿ ಬಾಬ್ ವಿಲಾ ಆ ಕಾರ್ಯಕ್ರಮದಿಂದ ಹೊರಬೀಳಬೇಕಾಯಿತು. ಮನೆ ಸಾಮಗ್ರಿ ಮಾರುವ ಮಳಿಗೆಯೊಂದಕ್ಕೆ ಅವನು ಜಾಹೀರಾತು ಕೊಟ್ಟದ್ದು, ಕಾರ್ಯಕ್ರಮಕ್ಕೆ ಹಣ ಕೊಡುತ್ತಿದ್ದ ಎದುರಾಳಿ ಮಳಿಗೆಗೆ ಸರಿಬರಲಿಲ್ಲ. ಹೇಗೆ ಮಾಡುವುದು ಎಂಬ ಪಾಠದೊಳಗೆ ಏನು ಕೊಳ್ಳುವುದು ಎಂಬ ಪಾಠ ಆಗಲೇ ಸೇರಿಕೊಂಡಿತ್ತು. 1994ರ ಡಿಸೆಂಬರ್ 30ರಂದು ಮನೆ ಮತ್ತು ತೋಟಕ್ಕೇ ಮೀಸಲಾದ ಎಚ್‌ಜಿಟಿವಿ ಚಾನೆಲ್ ಬಂತು. ಇಪ್ಪತ್ನಾಲ್ಕು ಗಂಟೆಯೂ ಮನೆ ತೋರಿಸಬೇಕೆಂದರೆ ಒಂದೇ ಮನೆಯನ್ನು ತಿಂಗಳುಗಟ್ಟಲೆ ರಿಪೇರಿ ಮಾಡುತ್ತ ಕೂರಲಾಗದು.

1996ರಲ್ಲಿ ಬಿಬಿಸಿ 'ಚೇಂಜಿಂಗ್ ರೂಮ್ಸ್' ಶುರುಮಾಡಿತು. ನೆರೆಹೊರೆಯವರು ಮನೆ ಅದಲುಬದಲು ಮಾಡಿಕೊಂಡು ಎರಡು ದಿನದಲ್ಲಿ, 500 ಪೌಂಡಿನಲ್ಲಿ, ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಿಸಬೇಕು. 2000ದಲ್ಲಿ ಅಮೆರಿಕದ 'ಟ್ರೇಡಿಂಗ್ ಸ್ಪೇಸಸ್' ಅದನ್ನೇ 1000 ಡಾಲರಿಗೆ ಮಾಡಿತು. ಇಲ್ಲಿ ನಾಯಕ ಬಡಗಿಯಲ್ಲ, ವಿನ್ಯಾಸಕ. ಬಡಗಿ ಇದ್ದ, ಆದರೆ ಹೇಳಿದ್ದನ್ನು ಓಡೋಡಿ ಮಾಡುವ, ಎಲ್ಲರನ್ನೂ ನಗಿಸುವ ಪಾತ್ರವಾಗಿ. ಕೆಲಸಕ್ಕಿಂತ ದೊಡ್ಡದಾದದ್ದು ಕೊನೆಯ ಗಳಿಗೆ. ಕಣ್ಣು ಮುಚ್ಚಿಸಿ ಕರೆತಂದ ಮನೆಯವರು ಕಣ್ಣು ಬಿಟ್ಟಾಗ ಮುಖದಲ್ಲಿ ಏನು ಕಾಣುತ್ತದೆ? ನಗುವೋ ಅಳುವೋ?

'ಚೇಂಜಿಂಗ್ ರೂಮ್ಸ್'ನ ಒಂದು ಕಂತು ಬ್ರಿಟನ್ನಿನಲ್ಲಿ ಇಂದಿಗೂ ಮಾತಾಗಿ ಉಳಿದಿದೆ. ಒಬ್ಬಾಕೆ ಪ್ರೀತಿಯಿಂದ ಕೂಡಿಟ್ಟ ಹಳೇ ಟೀಪಾಟುಗಳನ್ನು ಇಡಲು ವಿನ್ಯಾಸಕಿ ತೂಗುವ ಶೆಲ್ಫೊಂದನ್ನು ಮಾಡಿಸಿದಳು. ಅದು ಕುಸಿದು ಟೀಪಾಟುಗಳು ಪುಡಿಪುಡಿಯಾದವು. ಇದನ್ನು ಹೇಳಿದಾಗ ಅಪ್ಪ ನಗಲಿಲ್ಲ. "ಮಾಡ್ದೋನಿಗೆ ಮೊದಲೇ ಗೊತ್ತಿರುತ್ತೆ. ಅವನನ್ನ ಕೇಳಿರಲ್ಲ ಅಷ್ಟೆ" ಅಂದ.

ಆಮೇಲೆ ವೇಗ ಇನ್ನೂ ಹೆಚ್ಚಿತು. 2003ರ ಕೊನೆಯಲ್ಲಿ ಬಂದ 'ಎಕ್ಸ್‌ಟ್ರೀಮ್ ಮೇಕ್‌ಓವರ್: ಹೋಮ್ ಎಡಿಷನ್' ಕಷ್ಟದಲ್ಲಿರುವ ಕುಟುಂಬವನ್ನು ಪ್ರವಾಸಕ್ಕೆ ಕಳುಹಿಸಿ, ಏಳು ದಿನದಲ್ಲಿ ಅವರ ಮನೆಯನ್ನು ಮತ್ತೆ ಕಟ್ಟುತ್ತಿತ್ತು. ನೂರಾರು ಜನ ಕೆಲಸಗಾರರು ಒಟ್ಟಿಗೆ ಕಾಣುತ್ತಿದ್ದರು, ಆದರೆ ಜನಜಂಗುಳಿಯಾಗಿ. 2005ರ ಹೊತ್ತಿಗೆ ಮನೆ ಕೊಂಡು, ಬೇಗ ಚಂದಮಾಡಿ, ಲಾಭಕ್ಕೆ ಮಾರುವವರ ಕಾರ್ಯಕ್ರಮಗಳು ಬಂದವು. 'ಈ ಅಡುಗೆಮನೆಯಲ್ಲಿ ಅಡುಗೆ ಮಾಡಲು ಅನುಕೂಲವೇ?' ಎಂಬ ಪ್ರಶ್ನೆ 'ಈ ಅಡುಗೆಮನೆಯಿಂದ ಬೆಲೆ ಎಷ್ಟು ಏರುತ್ತದೆ?' ಎಂದಾಯಿತು. 2008ರಲ್ಲಿ ಅಮೆರಿಕದ ಮನೆಸಾಲದ ಗುಳ್ಳೆ ಒಡೆಯಿತು. ಕಾರ್ಯಕ್ರಮಗಳು ಮಾತ್ರ ನಿಲ್ಲಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಕತ್ರಿಗುಪ್ಪೆಯ ನಮ್ಮ ಬಾಡಿಗೆ ಮನೆಗೆ ಕೇಬಲ್ಲಿನಲ್ಲಿ ಇಂಥದ್ದೊಂದು ಕಾರ್ಯಕ್ರಮ ಬರುತ್ತಿತ್ತು. ಒಂದೇ ಕೋಣೆಯ ಆ ಮನೆಯಲ್ಲಿ ಕೂತು ಅಮೆರಿಕದವರ ಮೂರು ಬಚ್ಚಲುಮನೆಗಳನ್ನು ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಕೆಲಸದಿಂದ ಬಂದ ಅಪ್ಪ ಒಂದು ದಿನ ಕೊನೆಯ ಐದು ನಿಮಿಷ ನೋಡಿ ಕೇಳಿದ: "ಪಾಲಿಶ್ ಒಣಗೋಕೆ ಟೈಮ್ ಕೊಟ್ರಾ?" ಆಗ ಅದು ನನಗೆ ರಸಭಂಗ ಮಾಡುವ ಪ್ರಶ್ನೆಯಾಗಿ ಕಂಡಿತ್ತು.

*

ಕನ್ನಡ ಟಿವಿಯಲ್ಲಿ ಮನೆ ರಿಪೇರಿ ಕಲಿಸುವ ಕಾರ್ಯಕ್ರಮ ಯಾವುದು? ಈ ಪ್ರಶ್ನೆಯನ್ನು ಸ್ನೇಹಿತರ ಗುಂಪಿನಲ್ಲಿ ಕೇಳಿದೆ. ಎಲ್ಲರೂ ಯೋಚಿಸಿದರು, ಒಬ್ಬರಿಗೂ ಒಂದು ಹೆಸರು ನೆನಪಾಗಲಿಲ್ಲ.

ಇದು ವಿಚಿತ್ರ. ಯಾಕೆಂದರೆ ನಮ್ಮಲ್ಲಿ ಟಿವಿ ಮೊದಲು ಬಂದದ್ದೇ ಮೇಷ್ಟರ ವೇಷದಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಒಯ್ದಿತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾಗಿ ಅದನ್ನು 'ಸೈಟ್' ಎಂದು ಕರೆಯುತ್ತಾರೆ. ಬೆಂಗಳೂರಿನವರಿಗೆ ಸೈಟ್ ಎಂದರೆ ಬೇರೆಯೇ ಅರ್ಥ, ಇರಲಿ. ಅಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಇತ್ತು. ಮುಂದೆ ಖಾಸಗಿ ಚಾನೆಲ್ಲುಗಳ ಕಾಲದಲ್ಲಿ ಅಡುಗೆ ಕಲಿಸುವ ಕಾರ್ಯಕ್ರಮಗಳು ಮನೆಮಾತಾದವು. 'ಒಗ್ಗರಣೆ ಡಬ್ಬಿ' ನೋಡದವರುಂಟೇ? ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ'ದಲ್ಲಿ ಬೇಳೆ ಬೇಯುವುದನ್ನೂ ಪುರುಸೊತ್ತಿನಿಂದ ತೋರಿಸುತ್ತಾರೆ. ಅಡುಗೆಯ ಕೈ ಕನ್ನಡ ಟಿವಿಯಲ್ಲಿ ಧಾರಾಳವಾಗಿ ಕಂಡಿದೆ. ಮರ ಹೆರೆಯುವ, ಗಾರೆ ಮೆತ್ತುವ, ಸುಣ್ಣ ಬಳಿಯುವ ಕೈ ಕಾಣಲಿಲ್ಲ.

ಕಾರಣ ಸರಳ. ಕಾರ್ಯಕ್ರಮ ನೋಡುವವರು ಅಡುಗೆಯನ್ನು ತಾವೇ ಮಾಡುತ್ತಾರೆ, ಬಡಗಿ ಕೆಲಸವನ್ನು ತಾವು ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಕೂಲಿ ದುಬಾರಿಯಾದ್ದರಿಂದ ಮನೆಯೊಡೆಯ ಉಳಿ ಹಿಡಿದ. ಇಲ್ಲಿ ಕರೆದರೆ ಬರುವವರು ಯಾವಾಗಲೂ ಇದ್ದರು, ಅಗ್ಗದಲ್ಲಿ ಸಿಗುತ್ತಿದ್ದರು. ಅದರ ಹಿಂದೆ ಜಾತಿಯೂ ಇದೆ. 'ಆಚಾರ್ರೇ' ಎಂಬ ಕರೆಯಲ್ಲಿ ಮರ್ಯಾದೆ ಇದೆ ನಿಜ, ಜೊತೆಗೆ ಈ ಕೆಲಸ ಯಾರದು ಎಂಬ ತೀರ್ಮಾನವೂ ಇದೆ. ಕನ್ನಡದಲ್ಲಿ 'ಕಟ್ಟು', 'ಕಟ್ಟಿಸು' ಎಂದು ಎರಡು ಕ್ರಿಯಾಪದಗಳಿವೆ. ಆದರೆ ನಾನು ಸಂದರ್ಶಿಸಿದ ಮನೆಯೊಡೆಯರಲ್ಲಿ ಬಹುತೇಕರು "ಎಂಬತ್ತೆರಡರಲ್ಲಿ ಮನೆ ಕಟ್ಟಿದೆ" ಎಂದೇ ಶುರುಮಾಡುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಮಾತಿನ ರೂಢಿ ಹಾಗಿದೆ. ನಡುವಿನ ಒಂದು 'ಇಸು' ಬಿದ್ದುಹೋಗುವಾಗ ಅದರ ಜೊತೆ ಯಾರು ಬಿದ್ದುಹೋಗುತ್ತಾರೆ ಎಂದು ನಾನೂ ಬಹಳ ದಿನ ಕೇಳಿಕೊಂಡಿರಲಿಲ್ಲ.

ಹಾಗಾದರೆ ಮನೆ ಬದಲಾಯಿಸುವ ಬಗ್ಗೆ ಕನ್ನಡ ಟಿವಿ ಏನೂ ಹೇಳಲಿಲ್ಲವೇ? ಹೇಳಿತು, ಬಹಳ ಹೇಳಿತು, ವಾಸ್ತುವಿನ ಭಾಷೆಯಲ್ಲಿ. ಬೆಳಗಿನ ಜ್ಯೋತಿಷ್ಯದ ಜೊತೆಜೊತೆಗೇ ವಾಸ್ತು ಕಾರ್ಯಕ್ರಮಗಳು ಬಂದವು. ವೀಕ್ಷಕರು ಫೋನ್ ಮಾಡಿ ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂದು ಹೇಳಬೇಕು. ತಜ್ಞರು ಮಗಳ ಮದುವೆ ತಡವಾಗಿರುವುದಕ್ಕೂ ವಾಯವ್ಯದ ಬಚ್ಚಲಿಗೂ ಇರುವ ಸಂಬಂಧ ವಿವರಿಸುತ್ತಿದ್ದರು. ಕೇಳಿದವರ ಮನೆ ತೆರೆಯ ಮೇಲೆ ಕಾಣುವುದೇ ಇಲ್ಲ. ಕಾಣುವುದು ಒಂದು ನಕ್ಷೆ, ಎಂಟು ದಿಕ್ಕು. ಆದರೂ ನಮ್ಮ ನಿಜವಾದ ಮನೆ ಸುಧಾರಣೆಯ ಕಾರ್ಯಕ್ರಮ ಇದೇ ಎಂದು ನನಗನ್ನಿಸುತ್ತದೆ. ಯಾಕೆಂದರೆ ಇದು ಉಳಿ ಹಿಡಿಯುವವನನ್ನು ಉದ್ದೇಶಿಸಿದ್ದಲ್ಲ, ತೀರ್ಮಾನ ಮಾಡುವವನನ್ನು ಉದ್ದೇಶಿಸಿದ್ದು.

"ವಾಸ್ತು ಪ್ರೋಗ್ರಾಮ್ ಬಂದ ಮಾರನೇ ದಿನ ನಮಗೆ ಫೋನು" ಎಂದು ಅಪ್ಪ ನಗುತ್ತಾನೆ. ಅಗ್ನಿಮೂಲೆಗೆ ಒಲೆ ಸರಿಸಬೇಕು, ದಕ್ಷಿಣದ ಬಾಗಿಲು ಮುಚ್ಚಿ ಪೂರ್ವಕ್ಕೆ ಇಡಬೇಕು. ಬಾಗಿಲು ಸರಿಸಿದರೆ ಗೋಡೆ ಒಡೆಯಬೇಕು, ಗೋಡೆ ಒಡೆದರೆ ಗಾರೆಯವರಿಗೂ ಕೆಲಸ. ಆಮೇಲೆ, ಮನೆ ಒಡೆಯದೆಯೇ ಪರಿಹಾರ ಎನ್ನುವ 'ಸರಳ ವಾಸ್ತು' ಚಾನೆಲ್ಲುಗಳಲ್ಲಿ ಪ್ರಸಿದ್ಧವಾಯಿತು. ಅದನ್ನು ನಡೆಸುತ್ತಿದ್ದ ಚಂದ್ರಶೇಖರ ಗುರೂಜಿ ಬಾಗಲಕೋಟೆ ಮೂಲದವರು, ಮೊದಲು ಗುತ್ತಿಗೆದಾರರಾಗಿದ್ದವರು. 2022ರ ಜುಲೈ 5ರಂದು ಹುಬ್ಬಳ್ಳಿಯ ಹೋಟೆಲಿನಲ್ಲಿ ಅವರ ಕೊಲೆಯಾದಾಗ ಸುದ್ದಿ ಮನೆಮನೆಗೂ ತಲುಪಿತು. ಅವರ ಮುಖ ಅಷ್ಟು ಪರಿಚಿತವಾಗಿತ್ತು. ಮನೆ ಒಂದಿಷ್ಟೂ ಬದಲಾಗದೆ ಬಾಳು ಬದಲಾಗುತ್ತದೆ ಎಂಬ ಭರವಸೆಯಲ್ಲಿ ಬಡಗಿಗೂ ಗಾರೆಯವನಿಗೂ ಜಾಗವೇ ಇಲ್ಲ.

ವಾಸ್ತುವಿನ ಮಾತು ಸಾಮಾನ್ಯರ ಮನೆಗಳಿಗೆ ಸೀಮಿತವಲ್ಲ. 2023ರ ಜೂನಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದ ತಮ್ಮ ಕೊಠಡಿಯಲ್ಲಿ, ವಾಸ್ತು ಸರಿಯಿಲ್ಲವೆಂದು ಮುಚ್ಚಿಸಿದ್ದ ಬಾಗಿಲನ್ನು ತೆಗೆಸಿ ಅದರಿಂದಲೇ ಒಳಹೋದರು. ಸುದ್ದಿ ವಾಹಿನಿಗಳಿಗೆ ಅದು ದೊಡ್ಡ ಸುದ್ದಿ. ಒಂದು ಬಾಗಿಲು ತೆರೆದದ್ದು ಅಷ್ಟು ಸದ್ದು ಮಾಡುವ ನಾಡು ನಮ್ಮದು.

*

ಇದೇ ಹೊತ್ತಿಗೆ ಜಾಹೀರಾತುಗಳಲ್ಲೂ ಒಂದು ಬದಲಾವಣೆ ಆಗುತ್ತಿತ್ತು. ಏಷ್ಯನ್ ಪೇಂಟ್ಸ್ ಕಂಪನಿಗೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ 'ಗಟ್ಟು' ಎಂಬ ತುಂಟ ಹುಡುಗನನ್ನು ಬರೆದುಕೊಟ್ಟಿದ್ದರು. ಅವನ ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು. 2000ದ ದಶಕದ ಆರಂಭದಲ್ಲಿ ಕಂಪನಿ ಗಟ್ಟುವನ್ನು ಕೈಬಿಟ್ಟಿತು. ಅವನ ಜಾಗಕ್ಕೆ ಸುಂದರವಾದ ಗೋಡೆಯ ಮುಂದೆ ಕೂತ ಸುಖೀ ಸಂಸಾರಗಳು ಬಂದವು. ಮುಂದೆ ಅದೇ ಕಂಪನಿ ಹೆಸರಾಂತರ ಮನೆಗಳನ್ನು ತೋರಿಸುವ ಸರಣಿಯನ್ನು ಯೂಟ್ಯೂಬಿಗೆ ಮಾಡಿತು. ಅಲ್ಲಿ ಗೋಡೆಗಳು ಮಾತಾಡುತ್ತವೆ, ನೆನಪುಗಳು ಮಾತಾಡುತ್ತವೆ, ಬ್ರಷ್ಷು ಕಾಣುವುದಿಲ್ಲ.

2014ರಲ್ಲಿ ಹೋಮ್‌ಲೇನ್, ಲಿವ್‌ಸ್ಪೇಸ್‌ನಂಥ ಕಂಪನಿಗಳು ಶುರುವಾದವು. ಬೆಂಗಳೂರು ಅವುಗಳ ನೆಲೆ. ಮನೆಯ ಅಳತೆ ಕಂಪ್ಯೂಟರಿಗೆ ಹೋಗುತ್ತದೆ, ಕಪಾಟು ಕಾರ್ಖಾನೆಯಲ್ಲಿ ತಯಾರಾಗಿ ಪೆಟ್ಟಿಗೆಯಲ್ಲಿ ಬರುತ್ತದೆ, ಇಬ್ಬರು ಹುಡುಗರು ಬಂದು ಜೋಡಿಸಿ ಹೋಗುತ್ತಾರೆ. ಮನೆಯವರಿಗೆ ಇದರಿಂದ ಅನುಕೂಲವಾಗಿದೆ. ತಿಂಗಳುಗಟ್ಟಲೆ ಹಾಲಿನಲ್ಲಿ ಮರದ ಹೊಟ್ಟು, "ನಾಳೆ ಬರ್ತೀನಿ" ಅಂದ ಆಚಾರಿ ವಾರವಾದರೂ ಬರದಿರುವುದು, ಇವುಗಳ ಕಷ್ಟ ಅವರಿಗೇ ಗೊತ್ತು. ಅಪ್ಪನೇ ಎಷ್ಟು ಸಲ ಹಾಗೆ ಮಾಡಿದ್ದಾನೆ! ಆದರೆ ಫೆವಿಕಾಲ್ ಬುಕ್ಕು ಬಿಚ್ಚಿ ವಾದ ಮಾಡುವ ಜಾಗ ಮಾಯವಾಯಿತು. ಅಪ್ಪನಿಗೆ ಈಗ ಸಿಗುವುದು ಹೆಚ್ಚಾಗಿ ಬಾಗಿಲಿನ ಕೀಲು, ಕಚ್ಚದ ಚಿಲಕ, ಮಳೆಗಾಲದಲ್ಲಿ ಉಬ್ಬಿದ ಕಿಟಕಿ.

ಈಗಿನ ಕನ್ನಡದ ಮನೆ ಕಾರ್ಯಕ್ರಮ ಇರುವುದು ಮೊಬೈಲಿನಲ್ಲಿ. '30×40, ಪೂರ್ವದ ಬಾಗಿಲು, ಡ್ಯೂಪ್ಲೆಕ್ಸ್' ಎಂದು ಶುರುವಾಗುವ ಮನೆ ಮಾರಾಟದ ವಿಡಿಯೋಗಳು, ನಟನಟಿಯರ ಹೋಮ್ ಟೂರ್‌ಗಳು, ಅರ್ಧ ನಿಮಿಷದ ರೀಲ್‌ಗಳು. ರೀಲಿನಲ್ಲಿ ಚಿಟಿಕೆ ಹೊಡೆದರೆ ಹಳೇ ಹಾಲು ಹೊಸ ಹಾಲಾಗುತ್ತದೆ. ಡಾರ್ಚೆಸ್ಟರಿನಲ್ಲಿ ಒಂದು ಮನೆಗೆ ಒಂದು ವರ್ಷದ ಕಂತುಗಳು ಬೇಕಿದ್ದವು, ಆಮೇಲೆ ಎರಡು ದಿನ ಸಾಕಾಯಿತು, ಈಗ ಒಂದು ಚಿಟಿಕೆ. ಬೇರೆ ದೇಶಗಳ ಕಾರ್ಯಕ್ರಮಗಳಲ್ಲಿ ಕೆಲಸದ ಕೈ ಮೊದಲು ಕಂಡು ಆಮೇಲೆ ಮರೆಯಾಯಿತು. ನಮ್ಮಲ್ಲಿ ಅದು ಕಾಣುವ ಮೊದಲೇ ಚಿಟಿಕೆಯ ಕಾಲ ಬಂದುಬಿಟ್ಟಿತು. ಜಯನಗರದ ಆ ಹುಡುಗಿ ಅಪ್ಪನಿಗೆ ಪಕ್ಕಕ್ಕೆ ಸರಿಯಲು ಹೇಳಿದ್ದು ಇಷ್ಟೆಲ್ಲದರ ಕೊನೆಯಲ್ಲಿ.

ಪೂರ್ತಿ ಹೀಗೆಯೇ ಎಂದು ಹೇಳಿದರೂ ತಪ್ಪಾಗುತ್ತದೆ. ಅದೇ ಮೊಬೈಲಿನಲ್ಲಿ ಈಗ ಕೆಲಸಗಾರರೂ ಕಾಣಿಸಿಕೊಳ್ಳತೊಡಗಿದ್ದಾರೆ. ಅಪ್ಪನ ಬಳಿ ಕೆಲಸ ಕಲಿತ ಒಬ್ಬ ಹುಡುಗ ತಾನು ಮಾಡಿದ ಮಂಚ, ದೇವರ ಮಂಟಪಗಳ ವಿಡಿಯೋ ಹಾಕುತ್ತಾನೆ. ಮಾತಿಲ್ಲ, ಹಿಂದೆ ಯಾವುದೋ ಸಿನಿಮಾ ಹಾಡು. ಆದರೆ ರಂದ ಹೊಡೆಯುವಾಗ ಸುರುಳಿಯಾಗಿ ಬೀಳುವ ಹೊಟ್ಟನ್ನು ಪೂರ್ತಿ ತೋರಿಸುತ್ತಾನೆ. ಅದನ್ನು ನೋಡುವವರಲ್ಲಿ ಹೆಚ್ಚಿನವರು ಬಡಗಿಗಳೇ. ಕೆಳಗೆ ಅವರ ಪ್ರಶ್ನೆಗಳು: ಯಾವ ಮರ? ಸಂದು ಹೇಗೆ ಕೂರಿಸಿದೆ?

*

ಆ ಹುಡುಗಿಯ ಬಗ್ಗೆ ಇಷ್ಟು ಬರೆದು ನನ್ನ ಬಗ್ಗೆ ಹೇಳದಿದ್ದರೆ ನ್ಯಾಯವಲ್ಲ. ಈ ಬರಹದ ಮೊದಲ ಕರಡು ಮತ್ತು ನನ್ನ ಪ್ರಬಂಧದ ಎರಡು ಅಧ್ಯಾಯಗಳನ್ನು ಒಟ್ಟಿಗೆ ನನ್ನ ಮಾರ್ಗದರ್ಶಕರಿಗೆ ಕೊಟ್ಟೆ. ಅಧ್ಯಾಯಗಳಲ್ಲಿ 26 ಸಂದರ್ಶನಗಳಿದ್ದವು. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಎಚ್ಎಂಟಿಯಲ್ಲಿದ್ದವರು, ಶಾಲಾ ಶಿಕ್ಷಕಿಯರು, ಸೈಟು ಸಿಕ್ಕ ದಿನಾಂಕವನ್ನು ಮಕ್ಕಳ ಹುಟ್ಟಿದ ದಿನದಂತೆ ನೆನಪಿಟ್ಟವರು. ಮೇಡಂ ಎರಡನ್ನೂ ಓದಿ ಒಂದೇ ಪ್ರಶ್ನೆ ಕೇಳಿದರು: "ಈ 26ರಲ್ಲಿ ಬಡಗಿ ಎಷ್ಟು ಜನ?"

ಒಬ್ಬರೂ ಇರಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದು, ಶೋಕೇಸಿನ ದುಡ್ಡಿನಲ್ಲಿ ಓದಿ, ಮನೆಗಳ ಚರಿತ್ರೆ ಬರೆಯಲು ಹೊರಟವಳು ನಾನೂ ಕಟ್ಟಿಸಿದವರನ್ನೇ ಮಾತಾಡಿಸಿಕೊಂಡು ಬಂದಿದ್ದೆ. ಅಪ್ಪನಿಗೆ ಪಕ್ಕಕ್ಕೆ ಬಾ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಜಯನಗರದ ಶೋಕೇಸಿನ ಹಲಗೆಗಳು ನಮ್ಮ ಮನೆಯ ಮೆಟ್ಟಿಲ ಕೆಳಗೆ ಇವೆ. ಅದರಿಂದ ಏನು ಮಾಡಬೇಕೆಂದು ಅಪ್ಪ ಇನ್ನೂ ತೀರ್ಮಾನಿಸಿಲ್ಲ. ಹೋದ ತಿಂಗಳು ಅವನ್ನೆಲ್ಲ ಅಂಗಳಕ್ಕೆ ತಂದು ಒರಸುತ್ತಿದ್ದಾಗ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ 27ನೇ ಸಂದರ್ಶನ ಶುರುಮಾಡಿದೆ. ಗೂಡಿನ ಹಲಗೆಗಳನ್ನು ಒಂದಕ್ಕೊಂದು ಹೊಂದಿಸಿ ನಿಲ್ಲಿಸಿದ ಅಪ್ಪ, ಅವು ಚೆನ್ನಾಗಿ ಕಾಣಲಿ ಎಂದು ಮೊಬೈಲಿನ ಎದುರಿನಿಂದ ತಾನಾಗಿಯೇ ಪಕ್ಕಕ್ಕೆ ಸರಿದ.

"ಅಲ್ಲೇ ಇರಪ್ಪ" ಅಂದೆ.

"ಮರ ಕಾಣಬೇಡ್ವಾ?"

"ಎರಡೂ ಕಾಣ್ಲಿ."

ಅವನಿಗೆ ಅಷ್ಟೇನೂ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ವಾಪಸು ಬಂದು ನಿಂತ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಗೂಡಿನ ಮೂಲೆಯ ಸಂದಿನ ಮೇಲೆ ಇಟ್ಟು, "ಮೊದಲು ಇದನ್ನ ನೋಡು. ಇಲ್ಲಿ ಒಂದು ಮೊಳೆನೂ ಇಲ್ಲ" ಎಂದು ಶುರುಮಾಡಿದ.